ಓದುಗರ ಪ್ರಶ್ನೆ, ನಮ್ಮ ಉತ್ತರ: ಜಿನೀವಾದ ಮಗ್ಗುಲಿನ ಮೆರಾಂ

ಕಣಭೌತ ವಿಜ್ಞಾನದ ಸರ್ನ್ ಪ್ರಯೋಗಾಲಯ, ಕೈಗಡಿಯಾರದ ಕಾರ್ಖಾನೆ, ವಿಶ್ವಸಂಸ್ಥೆಯ ಕಚೇರಿ ಅಂತ ನಮ್ಮ ಕಡೆಯಿಂದ ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಹೋಗುವವರು ಮನೆ ಹುಡುಕುವ ಊರುಗಳಲ್ಲಿ ಮೆರಾಂ ಒಂದು. ಪಿನ್‌ಕೋಡ್ 1217. ಆ ಊರಿನ ಬಗ್ಗೆ ಮೈಸೂರು, ಮಂಡ್ಯ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಹೂಟಗಳ್ಳಿ, ಹಿನಕಲ್, ಕೂರ್ಗಳ್ಳಿ ಪಂಚಾಯಿತಿಗಳೆಲ್ಲ ಸೇರಿ ನಗರಸಭೆಯಾಯಿತು. ಈಗ ಬೃಹತ್ ಮೈಸೂರಿಗೆ ಸೇರಿಸುವ ಮಾತು. ಮೆರಾಂ ಅನ್ನುವುದು ಜಿನೀವಾದ ಬಡಾವಣೆಯೋ, ಬೇರೆ ಊರೋ? ಅಲ್ಲಿನ ಪುರಸಭೆಯ ಕೈಯಲ್ಲಿ ಏನೇನಿದೆ?
(ಹೂಟಗಳ್ಳಿಯ ಓದುಗರು)

ಉತ್ತರ: ಬೇರೆ ಊರು. ಜಿನೀವಾ ಅನ್ನುವುದು ಒಂದು ನಗರದ ಹೆಸರೂ ಹೌದು, ಒಂದು ಕ್ಯಾಂಟನ್‌ನ ಹೆಸರೂ ಹೌದು. ಕ್ಯಾಂಟನ್ ಎಂದರೆ ನಮ್ಮ ರಾಜ್ಯದ ಸ್ಥಾನದಲ್ಲಿರುವುದು. ಆ ಕ್ಯಾಂಟನ್ನಿನೊಳಗೆ 45 ಕಮ್ಯೂನ್‌ಗಳಿವೆ, ಅಂದರೆ ನಮ್ಮ ಪುರಸಭೆ, ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಗಳು; ಜಿನೀವಾ ನಗರ ಅದರಲ್ಲೊಂದು, ಮೆರಾಂ ಇನ್ನೊಂದು. ಸುಮಾರು 10 ಚದರ ಕಿಲೋಮೀಟರ್ ಜಾಗ, 26 ಸಾವಿರಕ್ಕೂ ಹೆಚ್ಚು ಜನ. ಹತ್ತು ಜನರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ವಿದೇಶಿ ಪಾಸ್‌ಪೋರ್ಟಿನವರು.

ಊರು ಮೊದಲಿಗೆ ಫ್ರಾನ್ಸಿನದು. ನೆಪೋಲಿಯನ್ ಸೋತ ಮೇಲೆ 1815ರ ಪ್ಯಾರಿಸ್ ಒಪ್ಪಂದದಲ್ಲಿ ವರ್ಸ್ವಾ, ವೆರ್ನಿಯೆ ಮುಂತಾದ ಹಳ್ಳಿಗಳ ಜೊತೆ ಇದೂ ಜಿನೀವಾಕ್ಕೆ ಸೇರಿತು. ವಿಲೀನದ ಪ್ರಶ್ನೆ ಅಲ್ಲೂ ಬಂದಿತ್ತು: 1931ರಲ್ಲಿ ಒವೀವ್, ಪ್ಲಾನ್‌ಪಲೆ, ಪೆಟಿ-ಸಕೊನೆ ಎಂಬ ಮೂರು ಪಕ್ಕದ ಕಮ್ಯೂನ್‌ಗಳನ್ನು ಜಿನೀವಾ ನಗರ ಒಳಗೆ ತೆಗೆದುಕೊಂಡಿತು. ಮೆರಾಂ ಆಗ ಹೊಲಗದ್ದೆಯ ಹಳ್ಳಿ, ಅದರ ತಂಟೆಗೆ ಯಾರೂ ಹೋಗಲಿಲ್ಲ. ಹಾಗೆ ಹೊರಗುಳಿದ ಊರು ಇವತ್ತು ತನ್ನದೇ ಆದಾಯ, ತನ್ನದೇ ಸಭೆ ಇಟ್ಟುಕೊಂಡಿದೆ. ನಿಮ್ಮ ಊರಿನವರು ಗಮನಿಸಬೇಕಾದ್ದು ಇದನ್ನೇ ಎಂದು ನಮ್ಮ ಅನಿಸಿಕೆ. ದೊಡ್ಡ ನಗರದ ಮಗ್ಗುಲಲ್ಲಿದ್ದ ಮಾತ್ರಕ್ಕೆ ಅದರ ಬಾಲವಾಗಬೇಕಿಲ್ಲ, ಆದರೆ ಅಧಿಕಾರದ ಜೊತೆ ಹಣವೂ ಕೈಗೆ ಬರಬೇಕು.

ಹಣ ಬರುವ ದಾರಿ ಹೀಗೆ: ಆದಾಯ ತೆರಿಗೆಯ ಮೂಲ ಮೊತ್ತವನ್ನು ಕ್ಯಾಂಟನ್ ಲೆಕ್ಕ ಹಾಕುತ್ತದೆ. ಆ ಮೊತ್ತದ ಪ್ರತಿ ಫ್ರಾಂಕಿನ ಮೇಲೆ ಇಷ್ಟು ಸಾಂಟೀಮ್ (ಫ್ರಾಂಕಿನ ನೂರನೇ ಒಂದು ಭಾಗ) ಎಂದು ಪ್ರತಿ ಕಮ್ಯೂನ್ ತನ್ನ ಪಾಲನ್ನು ವರ್ಷವರ್ಷ ನಿಗದಿ ಮಾಡುತ್ತದೆ. ವಸೂಲಿ ಕ್ಯಾಂಟನ್ನಿನದೇ. ಮೆರಾಂನಲ್ಲಿ ಮನೆ, ಜಿನೀವಾ ನಗರದಲ್ಲಿ ಕೆಲಸ ಇದ್ದರೆ ನಿಮ್ಮ ಕಮ್ಯೂನ್ ತೆರಿಗೆ ಎರಡೂ ಕಡೆ ಹಂಚಿಹೋಗುತ್ತದೆ. ಮೆರಾಂನಲ್ಲಿ ಕಾರ್ಖಾನೆಗಳೂ ಇವೆ. ಶೊಪಾರ್ ಗಡಿಯಾರ ಕಂಪನಿಯ ಕೇಂದ್ರ ಕಚೇರಿ ಅಲ್ಲೇ, ರೋಜೆ ದ್ಯುಬುಯಿಯ ಕಾರ್ಖಾನೆಯೂ ಅಲ್ಲೇ. ಬರೀ ಮಲಗಿ ಏಳುವ ಊರಾಗಿದ್ದರೆ ಖಜಾನೆ ಇಷ್ಟು ಗಟ್ಟಿ ಇರುತ್ತಿರಲಿಲ್ಲ.

ಆಡಳಿತಕ್ಕೆ ಮೂವರ ಮಂಡಳಿ. ಅವರನ್ನು 5 ವರ್ಷಕ್ಕೊಮ್ಮೆ ಜನರೇ ನೇರವಾಗಿ ಆರಿಸುತ್ತಾರೆ, ಮೇಯರ್ ಪಟ್ಟ ಆ ಮೂವರ ನಡುವೆ ವರ್ಷಕ್ಕೊಬ್ಬರಂತೆ ಸುತ್ತುತ್ತದೆ. ಮೇಲೆ ಚುನಾಯಿತ ಪುರಸಭೆ ಬೇರೆ. ಸಭೆಯ ನಿರ್ಣಯ ಹಿಡಿಸದಿದ್ದರೆ 40 ದಿನದೊಳಗೆ ಸಾಕಷ್ಟು ಸಹಿ ಒಟ್ಟುಮಾಡಿ ಅದನ್ನು ಜನಮತಕ್ಕೆ ಎಳೆಯಬಹುದು. ಸ್ವಿಟ್ಜರ್ಲೆಂಡಿನಲ್ಲಿ 8 ವರ್ಷ ಇದ್ದ ವಿದೇಶಿಯರಿಗೂ ಕಮ್ಯೂನ್ ಮಟ್ಟದಲ್ಲಿ ಮತದಾನದ ಹಕ್ಕಿದೆ. ಚುನಾವಣೆಗೆ ನಿಲ್ಲುವ ಹಾಗಿಲ್ಲ.

ಕಮ್ಯೂನ್ ನೋಡಿಕೊಳ್ಳುವುದು ಊರೊಳಗಿನ ರಸ್ತೆ, ಉದ್ಯಾನ, ಕಸ, ಶಿಶುವಿಹಾರ, ಶಾಲೆಯ ಕಟ್ಟಡ, ಈಜುಕೊಳ, ಆಟದ ಮೈದಾನ, ರಂಗಮಂದಿರ, ಸ್ಮಶಾನ. ಶಾಲೆಯ ಮೇಷ್ಟ್ರುಗಳು, ಪೊಲೀಸ್, ವಾಸದ ಪರವಾನಗಿ, ಕಟ್ಟಡದ ಲೈಸೆನ್ಸ್ ಕ್ಯಾಂಟನ್ನಿನದು. ನೀರು, ಕರೆಂಟಿಗೆ ಎಸ್‌ಐಜಿ, ಟ್ರಾಮು-ಬಸ್ಸಿಗೆ ಟಿಪಿಜಿ ಎಂಬ ಸಂಸ್ಥೆಗಳಿವೆ. ಹೊಸಬರು ಎಡವುವುದು ಇಲ್ಲೇ. ವಾಸದ ಪರವಾನಗಿಗೆಂದು ಮೇಯರ್ ಕಚೇರಿ ಮುಂದೆ ನಿಂತರೆ ಒಂದು ದಿನ ಹಾಳು.

ಪ್ರಶ್ನೆ: ಮಗನಿಗೆ ಅಲ್ಲಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಸೊಸೆಯೂ ಹೋಗ್ತಾಳೆ. ಮನೆ ಸಿಗೋದು ಬಾಳ ಕಷ್ಟ ಅಂತಾರೆ. ಅಡ್ವಾನ್ಸ್ ಎಷ್ಟು, ಏನು ಕಾಗದ ಬೇಕು, ಎಲ್ಲಿ ಮೋಸ ಹೋಗ್ತಾರೆ, ವಿವರವಾಗಿ ತಿಳಿಸಿ.
(ಮಂಡ್ಯದ ತಾಯಿಯೊಬ್ಬರು)

ಉತ್ತರ: ಕಷ್ಟ ಹೌದಮ್ಮ. ಜಿನೀವಾ ಕ್ಯಾಂಟನ್ನಿನಲ್ಲಿ ನೂರು ಮನೆಗೆ ಒಂದು ಮನೆಯೂ ಖಾಲಿ ಇರುವುದಿಲ್ಲ. ಒಂದೇ ಮನೆಗೆ ಹತ್ತಾರು ಅರ್ಜಿ ಬೀಳುತ್ತವೆ, ಅದರಲ್ಲಿ ಕಾಗದ ಪೂರ್ತಿ ಇರುವವರದ್ದನ್ನು ಮಾತ್ರ ಏಜೆನ್ಸಿಯವರು ನೋಡುತ್ತಾರೆ. ಹಾಗಾಗಿ ಮಗ ಮನೆ ನೋಡಲು ಹೋಗುವ ಮೊದಲೇ ಒಂದು ಫೈಲ್ ಸಿದ್ಧವಾಗಿರಲಿ: ಪಾಸ್‌ಪೋರ್ಟ್, ವಾಸದ ಪರವಾನಗಿ ಅಥವಾ ಅದಕ್ಕೆ ಅರ್ಜಿ ಹಾಕಿದ ರಸೀದಿ, ಕೆಲಸದ ಕರಾರುಪತ್ರ, ಮೂರು ತಿಂಗಳ ಸಂಬಳದ ಚೀಟಿ, ಸಾಲ ಬಾಕಿ ಇಲ್ಲವೆಂಬ ಸರ್ಕಾರಿ ದೃಢೀಕರಣ. ಹೊಸಬರ ಹತ್ತಿರ ಸಂಬಳದ ಚೀಟಿ ಇರುವುದಿಲ್ಲ, ಅದರ ಬದಲು ಕಂಪನಿಯಿಂದ ಸಂಬಳ ನಮೂದಿಸಿದ ಪತ್ರ ತೆಗೆದುಕೊಳ್ಳಲಿ. ಬಾಡಿಗೆ ಸಂಬಳದ ಮೂರನೇ ಒಂದು ಭಾಗ ಮೀರಿದರೆ ಅರ್ಜಿ ಪಕ್ಕಕ್ಕೆ ಹೋಗುವುದೇ ಹೆಚ್ಚು.

ಜಾಹೀರಾತಿನಲ್ಲಿ ‘4 ಕೋಣೆ’ ಎಂದಿದ್ದರೆ ನಾಲ್ಕು ಮಲಗುವ ಕೋಣೆ ಎಂದು ತಿಳಿಯಬೇಡಿ. ಜಿನೀವಾದಲ್ಲಿ ಅಡುಗೆಮನೆಯೂ ಲೆಕ್ಕಕ್ಕೆ ಬರುತ್ತದೆ. ಎರಡು ಮಲಗುವ ಕೋಣೆ, ಒಂದು ಹಾಲು, ಒಂದು ಅಡುಗೆಮನೆ, ಅಲ್ಲಿಗೆ ನಾಲ್ಕು. ಗಂಡ ಹೆಂಡತಿಗೆ 3 ಕೋಣೆಯದು ಸಾಕು.

ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಅದು ಕಾನೂನು. ಆ ಹಣ ಮಾಲೀಕರ ಜೇಬಿಗೆ ಹೋಗುವುದೂ ಇಲ್ಲ. ಮಗನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಬೀಗ ಹಾಕಿದ ಖಾತೆ ತೆರೆದು ಅದರಲ್ಲಿಡಬೇಕು. ‘ಬೀಗದಕೈ ಕಳಿಸುತ್ತೇನೆ, ಮೊದಲು ನನ್ನ ಖಾತೆಗೆ ದುಡ್ಡು ಹಾಕಿ’ ಎಂದು ಯಾರಾದರೂ ಇಮೇಲ್ ಬರೆದರೆ ಅದು ಮೋಸವೇ. ಬಾಡಿಗೆ ಕರಾರಿನ ಜೊತೆ ಒಂದು ಅಧಿಕೃತ ಫಾರಂ ಕೊಡುವುದು ಜಿನೀವಾದಲ್ಲಿ ಕಡ್ಡಾಯ. ಹಿಂದಿನ ಬಾಡಿಗೆದಾರರು ಎಷ್ಟು ಕೊಡುತ್ತಿದ್ದರು ಎಂಬುದು ಅದರಲ್ಲಿರುತ್ತದೆ. ಹೊಸ ಬಾಡಿಗೆ ವಿಪರೀತ ಅನಿಸಿದರೆ ಮನೆ ಕೈಗೆ ಬಂದ 30 ದಿನದೊಳಗೆ ತಕರಾರು ಸಲ್ಲಿಸಬಹುದು. ಗಡುವು ದಾಟಿದರೆ ಆ ಬಾಗಿಲು ಮುಚ್ಚಿದಂತೆ.

ಮನೆ ವಹಿಸಿಕೊಳ್ಳುವ ದಿನ ಏಜೆನ್ಸಿಯವರು ಜೊತೆಗೆ ನಿಂತು ಗೋಡೆ, ನೆಲ, ಸಿಂಕು, ಕಿಟಕಿ ಎಲ್ಲದರ ಸ್ಥಿತಿಯನ್ನು ಬರೆದುಕೊಳ್ಳುತ್ತಾರೆ. ಅವಸರ ಮಾಡದೆ ಒಂದೊಂದು ಗೀರನ್ನೂ, ಮೊಳೆಯ ತೂತನ್ನೂ ಬರೆಸಬೇಕು, ಫೋಟೊ ತೆಗೆದಿಡಬೇಕು. ಆಮೇಲೆ ಕಣ್ಣಿಗೆ ಬಿದ್ದದ್ದನ್ನು ಕೆಲವೇ ದಿನಗಳಲ್ಲಿ ರಿಜಿಸ್ಟರ್ಡ್ ಪತ್ರದಲ್ಲಿ ತಿಳಿಸಬೇಕು. ಬರೆಸದೆ ಬಿಟ್ಟದ್ದೆಲ್ಲ ಬಿಡುವಾಗ ಬಾಡಿಗೆದಾರರ ತಲೆಗೆ ಬರುತ್ತದೆ.

ಮನೆಗೆ ಹೋದ ದಿನವೇ ಮಾಡಬೇಕಾದ ಇನ್ನೊಂದು ಕೆಲಸ: ಕೆಳಗಿನ ಅಂಚೆಪೆಟ್ಟಿಗೆಯ ಮೇಲೆ ಇಬ್ಬರ ಹೆಸರನ್ನೂ ಅಂಟಿಸುವುದು. ಅಲ್ಲಿ ಫ್ಲಾಟಿಗೆ ನಂಬರ್ ಇರುವುದಿಲ್ಲ, ಅಂಚೆಯವರು ಹೆಸರು ನೋಡಿಯೇ ಹಾಕುತ್ತಾರೆ. ಸೊಸೆಯ ಹೆಸರು ಬೇರೆ ಇನಿಷಿಯಲ್‌ನಲ್ಲಿದ್ದು ಪೆಟ್ಟಿಗೆಯ ಮೇಲಿಲ್ಲ ಅಂದರೆ ಅವಳ ಬ್ಯಾಂಕ್ ಕಾರ್ಡೂ ಪರವಾನಗಿಯೂ ಕಳಿಸಿದವರಿಗೇ ವಾಪಸ್ ಹೋಗುತ್ತವೆ.

ಬಂದ 14 ದಿನದೊಳಗೆ ಕ್ಯಾಂಟನ್ನಿನ ಜನಸಂಖ್ಯಾ ಮತ್ತು ವಲಸೆ ಕಚೇರಿಯಲ್ಲಿ ನೋಂದಣಿ ಆಗಬೇಕು. ಆರೋಗ್ಯ ವಿಮೆಗೆ ಮೂರು ತಿಂಗಳ ಗಡುವಿದೆ, ಆದರೆ ತಡಮಾಡಿದರೆ ಏನೂ ಉಳಿಯುವುದಿಲ್ಲ, ಬಂದ ದಿನದಿಂದಲೇ ಕಂತು ಲೆಕ್ಕ ಹಾಕುತ್ತಾರೆ. ಚಿಕಿತ್ಸೆಯ ಖರ್ಚಿನಲ್ಲಿ ದೊಡ್ಡವರು ವರ್ಷಕ್ಕೆ ಮೊದಲ 300ರಿಂದ 2,500 ಫ್ರಾಂಕ್‌ವರೆಗೆ ತಾವೇ ಭರಿಸಬೇಕು. ಎಷ್ಟೆಂಬುದು ಅವರವರ ಆಯ್ಕೆ. ಅದರ ಮೇಲಿನದ್ದರಲ್ಲಿ ನೂರಕ್ಕೆ ಹತ್ತರಂತೆ, ವರ್ಷಕ್ಕೆ 700 ಫ್ರಾಂಕ್ ಮೀರದಷ್ಟು. ಹೆಚ್ಚು ಆಯ್ದುಕೊಂಡರೆ ತಿಂಗಳ ಕಂತು ಕಡಿಮೆ. ಸೊಸೆ ಬಸುರಿಯಾಗುವ ಯೋಚನೆ ಇದ್ದರೆ, ಬಿಪಿ-ಶುಗರ್ ಇದ್ದರೆ 300ರದ್ದೇ ವಾಸಿ. ಸರ್ನ್‌ನ ಕಾಯಂ ನೌಕರರಿಗೆ ಇದೆಲ್ಲ ಬೇರೆ. ಅವರ ಗುರುತಿನ ಚೀಟಿ ಸ್ವಿಸ್ ಒಕ್ಕೂಟ ಸರ್ಕಾರದ ವಿದೇಶಾಂಗ ಇಲಾಖೆಯಿಂದ ಬರುತ್ತದೆ, ವಿಮೆಯೂ ಸಂಸ್ಥೆಯದೇ.

ಪ್ರಶ್ನೆ: ಮಿಕ್ಸಿ, ಕುಕ್ಕರ್, ಮನೆ ತುಪ್ಪ, ಮಂಡ್ಯದ ಬೆಲ್ಲ, ವೀಳ್ಯದೆಲೆ, ನಂಜನಗೂಡು ರಸಬಾಳೆ. ಇದರಲ್ಲಿ ಏನು ಒಯ್ಯಬಹುದು?
(ಕುವೆಂಪುನಗರ, ಮೈಸೂರು)

ಉತ್ತರ: ತುಪ್ಪ ಬೇಡ. ಹಾಲು, ಮಾಂಸ ಮತ್ತು ಅದರಿಂದಾದ ಪದಾರ್ಥವನ್ನು ಭಾರತದಂಥ ದೇಶಗಳಿಂದ ಪ್ರಯಾಣಿಕರು ತರುವುದು ನಿಷಿದ್ಧ. ಸಿಕ್ಕರೆ ಕಿತ್ತು ಎಸೆಯುತ್ತಾರೆ. ಅಲ್ಲಿನ ಬೆಣ್ಣೆ ತುಂಬ ಚೆನ್ನಾಗಿರುತ್ತದೆ, ಉಪ್ಪಿಲ್ಲದ್ದನ್ನು ತಂದು ಸಣ್ಣ ಉರಿಯಲ್ಲಿ ಕಾಯಿಸಿಕೊಂಡರೆ ಆಯಿತು. ವೀಳ್ಯದೆಲೆ, ಕರಿಬೇವು, ಮಲ್ಲಿಗೆ ಹೂವು, ಹಸಿ ತರಕಾರಿ, ಬಿತ್ತನೆ ಬೀಜ ಇವಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಆದ್ದರಿಂದ ಅವೂ ಬೇಡ. ಪ್ರಮಾಣಪತ್ರವಿಲ್ಲದೆ ಬಿಡುವುದು ಐದೇ ಹಣ್ಣು: ಬಾಳೆ, ತೆಂಗಿನಕಾಯಿ, ಅನಾನಸ್, ಖರ್ಜೂರ, ಡುರಿಯನ್. ಹಾಗಾಗಿ ರಸಬಾಳೆಗೆ ಅಡ್ಡಿಯಿಲ್ಲ. ಕಾಯಿ ಇರುವಾಗಲೇ ಕಟ್ಟಿ, ಹಣ್ಣಾದರೆ ಬ್ಯಾಗಿನಲ್ಲಿ ಮುದ್ದೆಯಾಗುತ್ತದೆ. ಬೆಲ್ಲ, ಸಾರಿನ ಪುಡಿ, ಹುರಿದ ರಾಗಿ ಹಿಟ್ಟು, ಹಪ್ಪಳಕ್ಕೆ ತೊಂದರೆಯಿಲ್ಲ. ಒಯ್ಯುವ ಸಾಮಾನಿನ ಒಟ್ಟು ಬೆಲೆ ತಲೆಗೆ 150 ಫ್ರಾಂಕ್ ದಾಟಿದರೆ ತೆರಿಗೆ ಬೀಳುತ್ತದೆ. ಅಲ್ಲಿಗೇ ವಾಸಕ್ಕೆ ಹೋಗುವವರ ಬಳಸಿದ ಗೃಹೋಪಯೋಗಿ ಸಾಮಾನಿಗೆ ವಿನಾಯಿತಿ ಇದೆ, ಅದಕ್ಕೆ ಬೇರೆ ಫಾರಂ ತುಂಬಬೇಕು.

ಮಿಕ್ಸಿ ಒಯ್ಯಿರಿ. ಅಲ್ಲೂ 230 ವೋಲ್ಟ್, 50 ಹರ್ಟ್ಸ್, ಟ್ರಾನ್ಸ್‌ಫಾರ್ಮರ್ ಬೇಡ. ನಮ್ಮ ಮೂರು ಗುಂಡು ಪಿನ್ನಿನ ಪ್ಲಗ್ ಮಾತ್ರ ಅಲ್ಲಿನ ಸಾಕೆಟ್ಟಿಗೆ ಹೋಗುವುದಿಲ್ಲ. ಸ್ವಿಸ್ ಸಾಕೆಟ್ ಗೋಡೆಯೊಳಗೆ ಸ್ವಲ್ಪ ತಗ್ಗಿನಲ್ಲಿ ಆರು ಮೂಲೆಯ ಆಕಾರದಲ್ಲಿರುತ್ತದೆ. ಜರ್ಮನಿ, ಫ್ರಾನ್ಸಿನ ದಪ್ಪ ಅಡಾಪ್ಟರ್ ಅದಕ್ಕೂ ಸೇರುವುದಿಲ್ಲ. ‘ಸ್ವಿಸ್, ಅರ್ಥಿಂಗ್ ಸಮೇತ’ ಎಂದು ಕೇಳಿ ತೆಗೆದುಕೊಳ್ಳಿ. ಮಾಮೂಲಿ ಸಾಕೆಟ್ 10 ಆಂಪಿಯರಿನದು, ಅಂದರೆ 2,300 ವಾಟ್. 750 ವಾಟ್ ಮಿಕ್ಸಿಯ ಜೊತೆ 2,000 ವಾಟಿನ ಕೆಟಲ್ಲನ್ನೂ ಒಂದೇ ಎಕ್ಸ್‌ಟೆನ್ಷನ್ನಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ.

ಕುಕ್ಕರ್ ತೆಗೆದುಕೊಳ್ಳುವ ಮೊದಲು ಅಲ್ಲಿನ ಒಲೆ ಯಾವುದೆಂದು ಕೇಳಿ. ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ, ತಳಕ್ಕೆ ಕಬ್ಬಿಣದ ಪದರವಿರುವ ಸ್ಟೀಲಿನದು ಬೇಕು. ಗಾಜಿನ ಮೇಲ್ಮೈಯ ಮಾಮೂಲಿ ವಿದ್ಯುತ್ ಒಲೆ ಆದರೆ ಅಲ್ಯೂಮಿನಿಯಂ ನಡೆಯುತ್ತದೆ, ತಳ ಮಾತ್ರ ಸಪಾಟಾಗಿರಬೇಕು. ಆ ಒಲೆ ಆರಿಸಿದ ಮೇಲೂ ಬಿಸಿ ಹಿಡಿದಿರುತ್ತದೆ, ಮೂರನೇ ವಿಷಲ್‌ಗೆ ಕಾಯದೆ ಎರಡಕ್ಕೇ ಆರಿಸಿ. ಗ್ಯಾಸ್ಕೆಟ್ಟು, ಸೇಫ್ಟಿ ವಾಲ್ವು ಎರಡೆರಡು ಜೊತೆ ಇಟ್ಟುಕೊಳ್ಳಿ.

ರಾತ್ರಿ 10ರ ಮೇಲೆ ಮತ್ತು ಭಾನುವಾರ ಗದ್ದಲ ಕೂಡದು ಎಂಬುದು ಅಲ್ಲಿನ ಫ್ಲಾಟುಗಳ ಕಟ್ಟುನಿಟ್ಟು. ದೋಸೆ ಹಿಟ್ಟನ್ನು ಶನಿವಾರ ಸಂಜೆಯೊಳಗೆ ರುಬ್ಬಿಕೊಳ್ಳಬೇಕು. ಚಳಿಗಾಲದಲ್ಲಿ ಮನೆಯೊಳಗೆ 20–21 ಡಿಗ್ರಿ ಇರುವುದರಿಂದ ಹಿಟ್ಟು ಇಲ್ಲಿಯ ಹಾಗೆ ರಾತ್ರಿ ಬೆಳಗಾಗುವುದರೊಳಗೆ ಹುಳಿ ಬರುವುದಿಲ್ಲ. ಓವನ್ ಹಚ್ಚದೆ ಅದರ ದೀಪ ಮಾತ್ರ ಹಾಕಿ ಒಳಗಿಟ್ಟರೆ ಸಾಕು. ಇನ್ನೊಂದು ಮಾತು, ಇದು ಮುಖ್ಯ: ಕುದಿಸುವ ಅಡುಗೆಯ ಹಬೆ ಮುಚ್ಚಿದ ಮನೆಯಲ್ಲಿ ತಣ್ಣನೆಯ ಮೂಲೆಗೋಡೆಗೆ ತಾಗಿ ನೀರಾಗುತ್ತದೆ, ತಿಂಗಳೊಪ್ಪತ್ತಿನಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಮಾಲೀಕರು ಅದನ್ನು ಬಾಡಿಗೆದಾರರ ತಪ್ಪೆಂದು ಬರೆಯುತ್ತಾರೆ. ಕಿಟಕಿಯನ್ನು ಇಡೀ ದಿನ ಓರೆ ಇಡುವುದರಿಂದ ಗೋಡೆ ಇನ್ನಷ್ಟು ತಣ್ಣಗಾಗುತ್ತದೆ. ದಿನಕ್ಕೆ ಮೂರು ಸಲ, ಸಲಕ್ಕೆ ಐದು ನಿಮಿಷ ಪೂರ್ತಿ ತೆರೆದು ಮುಚ್ಚಿ.

ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ, ಬಾಟಲಿಗೆ ತುಂಬಿ ಸಂಗ್ರಹ ಕೇಂದ್ರಕ್ಕೆ ಕೊಡಬೇಕು. ಸ್ವಿಟ್ಜರ್ಲೆಂಡಿನ ಬೇರೆ ಕಡೆ ಕಸದ ಚೀಲಕ್ಕೆ ದುಡ್ಡು ಕಟ್ಟಬೇಕು, ಜಿನೀವಾದಲ್ಲಿ ಆ ಚೀಲದ ತೆರಿಗೆ ಇಲ್ಲ. ಹಾಗಂತ ಎಲ್ಲ ಒಂದಕ್ಕೇ ತುಂಬುವಂತಿಲ್ಲ. ಅಡುಗೆ ಕಸಕ್ಕೆ ಹಸಿರು ಡಬ್ಬಿ, ಗಾಜು ಬೇರೆ, ಕಾಗದ ಬೇರೆ, ಪ್ಲಾಸ್ಟಿಕ್ ನೀರಿನ ಬಾಟಲಿ ವಾಪಸ್ ಅಂಗಡಿಗೆ.

ಪ್ರಶ್ನೆ: ಮೊಮ್ಮಗಳಿಗೆ ನಾಲ್ಕೂವರೆ ವರ್ಷ. ಶಾಲೆ ಹೇಗೆ?
(ಮದ್ದೂರು)

ಉತ್ತರ: ಜುಲೈ 31ಕ್ಕೆ ನಾಲ್ಕು ತುಂಬಿದ ಮಗುವಿಗೆ ಶಾಲೆ ಕಡ್ಡಾಯ, ಸರ್ಕಾರಿ ಶಾಲೆಗೆ ಫೀಸಿಲ್ಲ. ಪಾಠ ಫ್ರೆಂಚಿನಲ್ಲಿ. ಈ ವಯಸ್ಸಿನವರು ಆಡುತ್ತಾ ಕಲಿತುಬಿಡುತ್ತಾರೆ, ದೊಡ್ಡ ಮಕ್ಕಳಿಗೆ ಭಾಷೆ ಕಲಿಸುವ ಪ್ರತ್ಯೇಕ ತರಗತಿಗಳಿವೆ. ಚಿಕ್ಕ ತರಗತಿಗಳಿಗೆ ಬುಧವಾರ ರಜೆ. ಮಧ್ಯಾಹ್ನ ಹನ್ನೊಂದೂವರೆಗೆ ಬಿಟ್ಟು ಒಂದೂವರೆಗೆ ಮತ್ತೆ ಶುರು. ಅಪ್ಪ ಅಮ್ಮ ಇಬ್ಬರೂ ದುಡಿಯುವವರಾದರೆ ಊಟದ ವೇಳೆಯ ಮೇಲ್ವಿಚಾರಣೆಗೆ ಬೇರೆ ನೋಂದಣಿ ಮಾಡಿಸಬೇಕು, ಅದನ್ನು ಮರೆತರೆ ಮೊದಲ ದಿನವೇ ಮಗು ಗೇಟಿನಲ್ಲಿ ನಿಂತಿರುತ್ತದೆ. ಸಸ್ಯಾಹಾರಿ ಎಂದು ಕ್ಯಾಂಟೀನಿನ ಫಾರಂನಲ್ಲಿ ಬರೆಯಿರಿ.

ಪ್ರಶ್ನೆ: ವಾಸ್ತುಶಿಲ್ಪದ ವಿದ್ಯಾರ್ಥಿ. ಸಾಲು ಸಾಲು ಕಾಂಕ್ರೀಟ್ ಫ್ಲಾಟುಗಳ ಈ ಊರಿಗೆ 2022ರ ವಾಕರ್ ಪ್ರಶಸ್ತಿ ಏಕೆ ಬಂತು? ಪರಂಪರೆಯ ಪ್ರಶಸ್ತಿ ಹಳೇ ಊರಿಗಲ್ಲವೇ?
(ಮಾನಸಗಂಗೋತ್ರಿ ಸಮೀಪದ ಓದುಗರು)

ಉತ್ತರ: ಸ್ವಿಸ್ ಪರಂಪರೆ ಸಂಘ ಕೊಡುವ ಆ ಪ್ರಶಸ್ತಿ ಹಳೆಯದನ್ನು ಉಳಿಸಿದ್ದಕ್ಕಷ್ಟೇ ಅಲ್ಲ, ಇರುವುದರ ಮೇಲೆ ಚೆನ್ನಾಗಿ ಕಟ್ಟಿದ್ದಕ್ಕೂ ಸಲ್ಲುತ್ತದೆ. ಮೆರಾಂನಲ್ಲಿ ಎರಡೂ ಕಾಣುತ್ತವೆ. 1960ರ ಆಸುಪಾಸಿನಲ್ಲಿ ಇಲ್ಲಿದ್ದದ್ದು ಮೂರು ಸಾವಿರ ಚಿಲ್ಲರೆ ಜನ. ಜಿನೀವಾದಲ್ಲಿ ಮನೆಯ ಬರ. ಸ್ವಿಟ್ಜರ್ಲೆಂಡಿನ ಮೊದಲ ಉಪನಗರವನ್ನು ಯೋಜಿಸಿ ಕಟ್ಟಿದ್ದು ಇಲ್ಲಿನ ಹೊಲಗಳಲ್ಲಿ. ಹತ್ತೇ ವರ್ಷದಲ್ಲಿ ಜನ 14 ಸಾವಿರ ದಾಟಿದರು. ಇದರ ವಾಸ್ತುಶಿಲ್ಪಿಗಳಲ್ಲಿ ಒಬ್ಬರಾದ ಜಾರ್ಜ್ ಅಡೋರ್ ಮುಂದೆ ಪಕ್ಕದ ವೆರ್ನಿಯೆಯಲ್ಲಿ ಒಂದು ಕಿಲೋಮೀಟರಿಗೂ ಉದ್ದದ ಲಿನ್ಯೋಂ ಕಟ್ಟಡವನ್ನು ರೂಪಿಸಿದರು. ಅದನ್ನೂ ಜೊತೆಗಿಟ್ಟು ಓದಿ.

ನಕ್ಷೆಯಲ್ಲಿ ನೋಡಬೇಕಾದ್ದು ಕಟ್ಟಡವನ್ನಲ್ಲ, ನಡುವಿನ ಖಾಲಿಯನ್ನು. ಮೇಲಕ್ಕೆ ಕಟ್ಟಿ ನೆಲವನ್ನು ಉಳಿಸಿದ್ದಾರೆ. ಅಲ್ಲಿ ನೆಟ್ಟ ಮರಗಳಿಗೆ ಈಗ ಅರುವತ್ತರ ಪ್ರಾಯ. ಬೇರೆ ಊರುಗಳಲ್ಲಿ ಇಂಥ ಖಾಲಿ ಜಾಗ ಯಾರಿಗೂ ಸೇರದ್ದಾಗಿ ಪಾರ್ಕಿಂಗ್ ಆಯಿತು. ಇಲ್ಲಿ ಕಮ್ಯೂನ್ ಅದನ್ನು ತನ್ನದೆಂದು ನೋಡಿಕೊಂಡಿತು, ಕಾಲುದಾರಿ, ಮಕ್ಕಳ ಅಂಗಳ, ಹುಲ್ಲುಗಾವಲು ಮಾಡಿತು.

ಎರಡನೆಯದು ವೆರ್ನ್ ಕೆರೆ. ತಾರಸಿ, ಡಾಂಬರು ಹೆಚ್ಚಾದಂತೆ ಮಳೆನೀರು ಇಂಗದೆ ಒಮ್ಮೆಲೇ ನಾಂ ದಾವ್ರಿಲ್ ಎಂಬ ತೊರೆಗೆ ನುಗ್ಗಿ ದಂಡೆ ಕೊರೆಯುತ್ತಿತ್ತು. ಪೈಪು ದಪ್ಪ ಮಾಡಿದರೆ ತೊಂದರೆ ಕೆಳಗಿನ ಊರಿಗೆ ಹೋಗುತ್ತದೆ ಅಷ್ಟೇ. ಅದಕ್ಕೆ ಕೃತಕ ಕೆರೆ ತೋಡಿ ಮಳೆಯ ನೀರನ್ನು ಅಲ್ಲಿ ತಡೆದು ನಿಧಾನ ಬಿಡುತ್ತಾರೆ. ದಂಡೆಯನ್ನು ಕಲ್ಲಿನಲ್ಲಿ ಕಟ್ಟದೆ ಇಳಿಜಾರು ಬಿಟ್ಟು ಜೊಂಡು ಬೆಳೆಸಿದ್ದರಿಂದ ಹಕ್ಕಿ, ಕಪ್ಪೆ ಬಂದು ನೆಲೆಸಿವೆ. ಮೈಸೂರಿನ ಕೆರೆಗಳ ಸುತ್ತ ಕಲ್ಲುಕಟ್ಟಡದ ತಡೆಗೋಡೆ ಕಟ್ಟಿ ‘ಅಭಿವೃದ್ಧಿ’ ಎನ್ನುವವರು ಈ ಇಳಿಜಾರನ್ನು ಒಮ್ಮೆ ನೋಡಬೇಕು.

ಮೂರನೆಯದು ವೆರ್ಜೆ ಬಡಾವಣೆ. ಸುಮಾರು 1,350 ಮನೆ, ಕಟ್ಟಡಗಳು ಮಿನೆರ್ಜಿ-ಎ ಎಂಬ ಇಂಧನ ಮಾನದಂಡದವು. ಒಂದಷ್ಟು ಜಾಗವನ್ನು ಗೃಹ ಸಹಕಾರ ಸಂಘಗಳಿಗೆ ಕೊಟ್ಟಿದ್ದಾರೆ. ಅಲ್ಲಿ ನಿವಾಸಿಗಳೇ ನಡೆಸುವ ದಿನಸಿ ಅಂಗಡಿ ಇದೆ, ತೋಟಗಾರಿಕೆಗೆ ನೆಲವಿದೆ. ಈ ಭಾಗವನ್ನು ನಿಮ್ಮ ಅಧ್ಯಯನಕ್ಕೆ ಆರಿಸಿಕೊಳ್ಳಿ: ಜನ ಮನೆಗೆ ಬರುವ ಮೊದಲೇ ಅಂಗಳದ ಬಳಕೆಯನ್ನು ಅವರ ಜೊತೆ ಕೂತು ಚರ್ಚಿಸಿದ್ದು ಬೇರೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿದೆ.

ಪ್ರಶ್ನೆ: ನಿವೃತ್ತ ವಿಜ್ಞಾನ ಮೇಷ್ಟ್ರು. ಮಗಳ ಮನೆಗೆ ಎರಡು ತಿಂಗಳು ಹೋಗುತ್ತಿದ್ದೇವೆ. ಸರ್ನ್ ನೋಡಬಹುದೇ? ಅಲ್ಲಿನ ನಟರಾಜನ ವಿಗ್ರಹ?
(ಶ್ರೀರಂಗಪಟ್ಟಣ)

ಉತ್ತರ: ಖಂಡಿತ ನೋಡಿ ಬನ್ನಿ ಸಾರ್. ಸರ್ನ್ ಹೊರಗೆ ಟ್ರಾಮ್ 18ರ ಕೊನೆಯ ನಿಲ್ದಾಣವಿದೆ. ಜಿನೀವಾದ ಕೊರ್ನವಾಂ ರೈಲ್ವೆ ನಿಲ್ದಾಣದಿಂದಲೂ ಅದೇ ಟ್ರಾಮು. ಇಳಿದ ಕೂಡಲೇ ಕಾಣುವ ಸೈನ್ಸ್ ಗೇಟ್‌ವೇ ಕಟ್ಟಡ ಇಟಲಿಯ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಅವರ ವಿನ್ಯಾಸ, 2023ರ ಅಕ್ಟೋಬರಿನಲ್ಲಿ ತೆರೆದದ್ದು. ಪ್ರವೇಶ ಉಚಿತ, ಸೋಮವಾರ ರಜೆ. ಪ್ರಯೋಗಾಲಯದೊಳಗಿನ ಮಾರ್ಗದರ್ಶಿ ಸುತ್ತಾಟವೂ ಉಚಿತ. ಒಬ್ಬಿಬ್ಬರಾದರೆ ಅವತ್ತೇ ಅಲ್ಲೇ ಹೆಸರು ಬರೆಸಬೇಕು, ಜಾಗ ಬೇಗ ಮುಗಿಯುತ್ತದೆ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ವಯಸ್ಸಾದವರಾದ್ದರಿಂದ ಸುತ್ತಾಟದಲ್ಲಿ ಎಷ್ಟು ನಡೆಯಬೇಕೆಂದು ಮೊದಲೇ ಕೇಳಿಕೊಳ್ಳಿ.

ಕಣಗಳನ್ನು ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರದ 27 ಕಿಲೋಮೀಟರ್ ಸುತ್ತಳತೆಯ ಸುರಂಗದ ಬಹುಪಾಲು ಫ್ರಾನ್ಸಿನ ನೆಲದಡಿ. ಆ ಡಿಕ್ಕಿಗಳನ್ನು ದಾಖಲಿಸುವ ಅಟ್ಲಾಸ್ ಪ್ರಯೋಗದ ಗುಹೆ ಮಾತ್ರ ಮೆರಾಂ ನೆಲದಡಿಯಲ್ಲೇ ಇದೆ. ಸರ್ನ್ ಊರಿಗೆ ಸುಮ್ಮನೆ ಬಂದದ್ದಲ್ಲ: 1953ರ ಜೂನ್‌ನಲ್ಲಿ ಜಿನೀವಾ ಕ್ಯಾಂಟನ್ನಿನ ಜನ ಮತ ಹಾಕಿ ಒಪ್ಪಿದ ಮೇಲೆ, ಪರ 16,539, ವಿರೋಧ 7,332, 1954ರ ಮೇನಲ್ಲಿ ಗುದ್ದಲಿ ಬಿತ್ತು. ಭಾರತದ ಅಣುಶಕ್ತಿ ಇಲಾಖೆ ಕೊಟ್ಟ ಎರಡು ಮೀಟರ್ ಎತ್ತರದ ನಟರಾಜನನ್ನು 2004ರ ಜೂನ್ 18ರಂದು ಸ್ಥಾಪಿಸಿದರು. ಭಾರತ 2017ರಿಂದ ಸರ್ನ್‌ನ ಸಹಸದಸ್ಯ ದೇಶ. ವಿಗ್ರಹ ಇರುವುದು ಬೇಲಿಯೊಳಗೆ. ನಿಲ್ದಾಣದಲ್ಲಿ ಇಳಿದು ಹುಡುಕಿದರೆ ಸಿಗದು. ಮಗಳು-ಅಳಿಯ ಅಲ್ಲಿ ಕೆಲಸದವರಾದರೆ ಅತಿಥಿ ಪಾಸ್ ಮಾಡಿಸಿ ಕರೆದೊಯ್ಯಬಹುದು.

ವೀಸಾಕ್ಕೆ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಅರ್ಜಿ. 180 ದಿನದಲ್ಲಿ 90 ದಿನದವರೆಗೆ ಇರಬಹುದು. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದು ಬೇಕು. ಮೊದಲಿಂದಿರುವ ಕಾಯಿಲೆಗೆ ಅದು ಅನ್ವಯಿಸುವುದೇ ಎಂದು ಪಾಲಿಸಿಯ ಒಳಪುಟ ಓದಿ. ಔಷಧಿ ಒಂದು ತಿಂಗಳಿಗಾಗುವಷ್ಟನ್ನು ಮಾತ್ರ ಒಯ್ಯಲು ಬಿಡುತ್ತಾರೆ. ಮಾತ್ರೆಯ ಕಂಪನಿ ಹೆಸರಲ್ಲ, ಒಳಗಿನ ಔಷಧದ ಹೆಸರು ಬರೆದ ಚೀಟಿಯನ್ನು ಡಾಕ್ಟರ ಕೈಲಿ ಇಂಗ್ಲಿಷಿನಲ್ಲಿ ಬರೆಸಿಕೊಂಡರೆ ಎರಡನೇ ತಿಂಗಳಿಗೆ ಅಲ್ಲಿನ ಡಾಕ್ಟರಿಗೆ ತೋರಿಸಬಹುದು. ಸರ್ನ್ ನಿಲ್ದಾಣದಿಂದ ಸ್ವಲ್ಪ ನಡೆದರೆ ಫ್ರಾನ್ಸ್ ಗಡಿ. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಈ ಷೆಂಗೆನ್ ವೀಸಾ ಎರಡೂ ಕಡೆ ನಡೆಯುತ್ತದೆ, ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಅಲ್ಲಿಂದ ಬೆಣ್ಣೆ ತರುವುದಾದರೆ ತಲೆಗೆ ಒಂದು ಕಿಲೊ ಮಿತಿ. ನಡೆಯುವ ಅಭ್ಯಾಸವಿದ್ದರೆ ಊರೊಳಗಿನ ಆಲ್ಪ್ಸ್ ಸಸ್ಯೋದ್ಯಾನಕ್ಕೂ ಒಂದು ಸಂಜೆ ಇಡಿ.

ಪ್ರಶ್ನೆ: ವಿಮಾನದ ಸದ್ದು ಜಾಸ್ತಿಯಂತೆ, ನಿಜವೇ?
(ಪಾಂಡವಪುರ)

ಉತ್ತರ: ಬೀದಿ ನೋಡಿ ಹೇಳಬೇಕು. ಮೆರಾಂಗೆ ಸೇರಿದ ಕ್ವಾಂತ್ರಾಂ ಭಾಗ ರನ್‌ವೇ ಪಕ್ಕದಲ್ಲೇ ಇದೆ, ವಿಮಾನ ನಿಲ್ದಾಣಕ್ಕೆ ಹಿಂದೆ ಇದ್ದ ಹೆಸರೂ ಅದೇ. ನಡುರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ಹಾರಾಟ ನಿಲ್ಲುತ್ತದೆ, ಆರಕ್ಕೆ ಸಾಲಾಗಿ ಶುರು. ಮನೆ ತೋರಿಸುವವರು ಮಧ್ಯಾಹ್ನ ಕರೆಯುತ್ತಾರೆ, ಆಗ ಕಿಟಕಿ ಮುಚ್ಚಿರುತ್ತದೆ. ಒಪ್ಪುವ ಮುನ್ನ ಬೆಳಗ್ಗೆ ಆರು ಗಂಟೆಗೆ ಅದೇ ಬೀದಿಯಲ್ಲಿ ಹತ್ತು ನಿಮಿಷ ನಿಂತು ಕೇಳಿಸಿಕೊಂಡರೆ, ಮತ್ತೆ ಕಿಟಕಿಯ ಗಾಜು ಎರಡು ಪದರದ್ದೋ ಮೂರು ಪದರದ್ದೋ ಎಂದು ವಿಚಾರಿಸಿದರೆ ತೀರ್ಮಾನಕ್ಕೆ ಸಾಕು.